ಡ್ರ್ಯಾಗನ್ ಕಾದಂಬರಿ ಸರಣಿದು ಎರಡನೇ ಭಾಗ ಅರ್ಧ ಹಿಡಿಸ್ತು, ಅರ್ಧ ಬ್ಯಾಸರ ಆಯ್ತು. ಮೂರನೇದು ತರಿಸ್ಲೋ ಬ್ಯಾಡೊ? ಓದಿದವ್ರು ಅನುಭವ ಹೇಳ್ರಿ

ಜಗತ್ ಸರ್ಕಲ್ ಓದುಗಿ, ಕಲಬುರಗಿ

ರೆಬೆಕಾ ಯಾರೋಸ್ ಅವರ ಡ್ರ್ಯಾಗನ್ ಸರಣಿ ಓದಿದವ್ರು ಇಲ್ಲಿ ಯಾರರ ಇದ್ದೀರೇನ್ರಿ? ಮೊದಲನೇದು ‘ಫೋರ್ತ್ ವಿಂಗ್’ ಹಾಸ್ಟೆಲ್‌ದಾಗ ಮೂರು ರಾತ್ರಿಯೊಳಗ ಮುಗಿಸಿದ್ದೆ. ಕಡೀ ರಾತ್ರಿ ಕರೆಂಟ್ ಹೋಗಿತ್ತು, ಮೊಬೈಲ್ ಟಾರ್ಚ್ ಹಚ್ಚಿ ಹೊದಿಕಿ ಒಳಗ ಓದೀನಿ. ಎರಡನೇದು ‘ಐರನ್ ಫ್ಲೇಮ್’ ಮುಗಿಸ್ಲಿಕ್ಕ ನಲವತ್ತು ದಿನ ಹಿಡೀತು. ಡ್ರ್ಯಾಗನ್ ಬಂದಲ್ಲೆಲ್ಲಾ ಜೀವ ಅದ. ಡ್ರ್ಯಾಗನ್ ಟೈರ್ನ್ ಬೈದ್ರೂ ಕೇಳ್ಬೇಕನಸ್ತದ. ಆದ್ರ ನಾಯಕಿ ವಯೊಲೆಟ್, ಆಕಿ ಪ್ರಿಯಕರ ಝೇಡನ್ ನಡುವಿನ ಜಗಳ ಅದೇ ಅದೇ. ಆಕಿ ‘ನೀನಾಗೇ ಖರೆ ಹೇಳು’ ಅಂತಾಳ, ಅಂವ ‘ನೀ ಕೇಳಿದ್ರ ಹೇಳ್ತೀನಿ’ ಅಂತಾನ. ಮುನ್ನೂರು ಪುಟ ಇದೇ ನಡೀತು. ಆಕಿ ತಾಯಿದು ಕಡೀ ಭಾಗ ಬಂದಾಗ ಮಾತ್ರ ಪುಸ್ತಕ ಮುಚ್ಚಿಟ್ಟು ಅತ್ತೀನಿ.

ಮೂರನೇದು ‘ಆನಿಕ್ಸ್ ಸ್ಟಾರ್ಮ್’ 2025ರ ಜನವರಿದಾಗ ಬಂದದ. ಒಟ್ಟು ಐದು ಪುಸ್ತಕ ಅಂತ ಲೇಖಕಿ ಹೇಳ್ಯಾರ. ನನ್ನ ಹತ್ರ ಟ್ಯೂಶನ್ ಹೇಳಿ ಬಂದ ಆರುನೂರು ರೂಪಾಯಿ ಅದ. ತರಿಸ್ಲೋ, ಇಲ್ಲಿಗೇ ಬಿಡ್ಲೋ?

ಆಳಂದ ರಸ್ತೆ

ತಂಗೀ, ನಾ ಆ ಎರಡನೇ ಪುಸ್ತಕಕ್ಕ ಎಷ್ಟು ತ್ರಾಸ ತಗೊಂಡೀನಿ ಅಂತ ಕೇಳು. 2023ರ ನವೆಂಬರ್ 7ಕ್ಕ ಬರೂದಿತ್ತು, ನಾ ಸೆಪ್ಟೆಂಬರ್‌ದಾಗೇ ರೊಕ್ಕ ಕಟ್ಟಿದ್ದೆ. ಗಟ್ಟಿ ರಟ್ಟಿನ ಪ್ರತಿ, ಅಂಚಿಗಿ ಬಣ್ಣ ಹಚ್ಚಿದ್ದು, 1,349 ರೂಪಾಯಿ. ನಮ್ಮೂರಿಗಿ ಕೊರಿಯರ್‌ದವ್ರು ಬರಂಗಿಲ್ಲ. ಕಲಬುರಗಿ ಆಫೀಸಿಗಿ ಬಂದು ಒಯ್ರಿ ಅಂದ್ರು. ಬಸ್ ಅಂತೂ ಶಕ್ತಿ ಯೋಜನೆದಾಗ ಪುಕ್ಕಟೆ, ಆದ್ರ ಬಸ್ ಸ್ಟ್ಯಾಂಡಿನಿಂದ ಆಟೊಕ್ಕ ಹೋಗ್ಲಿಕ್ಕ 80, ಬರ್ಲಿಕ್ಕ 80. ಮೊದಲನೇ ಸಲ ಹೋದ್ರ ‘ಊಟಕ್ಕ ಹೋಗ್ಯಾರ’ ಅಂತ ಬೀಗ. ಎರಡನೇ ಸಲ ಹೋದ್ರ ಡಬ್ಬಿ ಕೊಟ್ರು, ಬಿಚ್ಚಿ ನೋಡ್ತೀನಿ, ಬಲಗಡಿ ಮೂಲಿ ಪೂರಾ ಜಜ್ಜಿ ಹೋಗ್ಯಾದ. ಬಣ್ಣ ಹಚ್ಚಿದ ಅಂಚಿನ ಮ್ಯಾಲ ಬಿಳೀ ಗೀರು, ನನ್ನ ಉಗುರಿನಷ್ಟು ಅಗಲ. ವಾಪಸ್ ಕಳಿಸಿ ಇನ್ನೊಂದು ತರಿಸ್ಲಿಕ್ಕ 23 ದಿನ. ಒಟ್ಟು ಮೂರು ಸಲ ಓಡ್ಯಾಡೀನಿ, ಆಟೊಕ್ಕೇ 480.

ಅಷ್ಟಾದ ಮ್ಯಾಲ ಓದೀನಿ, ನಾಕು ದಿನದಾಗ ಮುಗಿಸೀನಿ, ನಂಗ ಒಂದು ಪುಟಾನೂ ಬ್ಯಾಸರ ಆಗಿಲ್ಲ. ಆ ಜಗಳ ಬ್ಯಾಸರ ಅನ್ನೋರಿಗಿ ಹೇಳ್ತೀನಿ, ಮಾತು ಮುಚ್ಚಿಡೋ ಗಂಡಿನ ಜೋಡಿ ಬಾಳ್ವೆ ಮಾಡಿದವ್ರಿಗಿ ಅದು ತಿಳೀತದ. ನನ್ನ ಮನಿಯವ್ರು ಸೊಸೈಟಿ ಸಾಲ ತಗೊಂಡಿದ್ದು ನಂಗ ಗೊತ್ತಾಗಿದ್ದು ನೋಟಿಸ್ ಬಂದಾಗ. ‘ನೀ ಕೇಳಿದ್ರ ಹೇಳ್ತಿದ್ದೆ’ ಅಂದ್ರು. ಇದೇ ಮಾತು. ಏನದ ಅಂತ್ಲೇ ಗೊತ್ತಿಲ್ಲದಾಗ ಏನಂತ ಕೇಳ್ಬೇಕು?

ಯಾದಗಿರಿ ಪ್ಯಾಸೆಂಜರ್

ನಾ ಎರಡನೇದು ಹೈದರಾಬಾದಿನ ಅಬಿಡ್ಸ್‌ದಾಗ ಭಾನುವಾರದ ಫುಟ್‌ಪಾತ್ ಪುಸ್ತಕದ ಸಂತ್ಯಾಗ ತಗೊಂಡೀನಿ. 250 ಹೇಳಿದ್ದ, 150ಕ್ಕ ಇಳಿಸೀನಿ. ಜನರಲ್ ಡಬ್ಬ್ಯಾಗ ಬಾಗಿಲ ಹತ್ರ ಕುಂತು ಓದ್ಕೋತ ಬಂದೀನಿ. ವಯೊಲೆಟ್‌ನ್ನ ಕೂಡಿ ಹಾಕಿ ಹಿಂಸೆ ಕೊಡೋ ಭಾಗ ಶುರು ಆಯ್ತು, ಎದಿ ಡವ ಡವ ಅನ್ಲತ್ತಿತ್ತು. ಪುಟ 320 ಮುಗೀತು, ತಿರುವಿ ಹಾಕಿದ್ರ 289. ಮತ್ತ 289ರಿಂದ 320 ತನಕ ಅದೇ. ಅದರ ಮುಂದ ನೇರ 353. ಎಲ್ಲಾರೂ ಅರೇಷಿಯಾ ಅನ್ನೋ ಊರಿಗಿ ಹೋಗಿ ಕುಂತಾರ. ಆಕಿ ಹೆಂಗ ಪಾರಾದಳು, ಯಾರು ಬಿಡಿಸಿದ್ರು, ನಂಗ ಇವತ್ತಿಗೂ ಪೂರಾ ಗೊತ್ತಿಲ್ಲ. ನನ್ನ ಮಟ್ಟಿಗಿ ಎರಡನೇದು ಫಾಲ್ತು ಪುಸ್ತಕ. ಮೂರನೇದು ಮುಟ್ಟಂಗಿಲ್ಲ. ಓದುಗಿ, ನೀವೂ ಆರುನೂರು ಉಳಿಸ್ಕೋರಿ.

ಆಳಂದ ರಸ್ತೆ

32 ಪುಟ ಇಲ್ಲದ ಕಳ್ಳ ಪ್ರತಿ ಓದಿ ಪುಸ್ತಕ ಫಾಲ್ತು ಅಂತೀರಲ್ಲ, ಇದೆಲ್ಲಿ ನ್ಯಾಯರೀ? ಆ 32 ಪುಟದಾಗೇ ಜೀವ ಇರೂದು. ಬರೆದಾಕಿಗಿ ಒಂದು ಪೈಸಾ ಹೋಗಿಲ್ಲ, ಮ್ಯಾಲ ಬೈಗಳ ಬ್ಯಾರೆ.

ಯಾದಗಿರಿ ಪ್ಯಾಸೆಂಜರ್

ಅಕ್ಕಾ, ನನ್ನ ಪಗಾರ 11,500. ನಾ ಇರೂದು ಶಹಾಪುರ ಹತ್ರ. ಇಂಗ್ಲಿಷ್ ಕಾದಂಬರಿ ಸಿಗೋ ಒಂದು ಅಂಗಡಿ ತೋರಿಸ್ರಿ ನಮ್ಮ ಕಡಿ, ನಾಳಿಗೇ ಅಸಲಿ ಪ್ರತಿ ತಗೋತೀನಿ. 1,349 ಕೊಟ್ಟು ಮೂಲಿ ಜಜ್ಜಿದ್ದಕ್ಕ ಅಳೋ ಶಕ್ತಿ ನಂಗಿಲ್ಲ. ಕಳ್ಳ ಅಂತ ಮಾತ್ರ ಅನಬ್ಯಾಡ್ರಿ, ಅದು ನಂಗ ಚುಚ್ಚೇದ.

ಪ್ರೆಸ್ ಕಾಕಾ, ಕಲಬುರಗಿ

ನಡುವ ಬಾಯಿ ಹಾಕ್ತೀನಿ, ತಪ್ಪು ತಿಳೀಬ್ಯಾಡ್ರಿ. ತಮ್ಮಾ, ನಿನ್ನ ಪ್ರತಿಯೊಳಗ ಆಗಿದ್ದು ಇಷ್ಟೇ. ಪುಸ್ತಕ ಹದಿನಾರು ಪುಟದ ಫಾರಂದಾಗ ಛಾಪಾಗ್ತದ. 289ರಿಂದ 320 ಅಂದ್ರ ಎರಡು ಫಾರಂ, 321ರಿಂದ 352 ಅಂದ್ರ ಮುಂದಿನ ಎರಡು. ಬೈಂಡಿಂಗ್‌ದಾಗ ಫಾರಂ ಒಂದರ ಮ್ಯಾಲೊಂದು ಎತ್ತಿಡುವಾಗ ಒಂದೇ ಜೋಡಿ ಎರಡು ಸಲ ಎತ್ಯಾರ, ಮುಂದಿನದು ಬಿಟ್ಟಾರ. ಅಸಲಿ ಪ್ರೆಸ್ಸಿನ್ಯಾಗೂ ಆಗ್ತದ, ಆದ್ರ ಅಲ್ಲಿ ಒಬ್ಬ ಕುಂತು ಫಾರಂ ಬೆನ್ನಿನ ಗುರುತು ನೋಡಿ ಹೊರಗ ತೆಗೀತಾನ.

ನಾ ಹೇಳ್ಬೇಕಂದಿದ್ದು ಬ್ಯಾರೆ. ಮೊದಲನೇದು 2023ರ ಮೇ 2ಕ್ಕ, ಎರಡನೇದು ಅದೇ ವರ್ಷ ನವೆಂಬರ್ 7ಕ್ಕ. ಆರು ತಿಂಗಳು. ಆರುನೂರು ಪುಟ ಛಾಪಿಸೂದು ದೊಡ್ಡ ಮಾತಲ್ಲ, ಅಷ್ಟು ದಿನದಾಗ ಕುಂತು ತಿದ್ದೂದು ದೊಡ್ಡ ಮಾತು. ನನ್ನ ಮಗಳು ಓದಿ ಇದೇ ಹೇಳಿದ್ಳು, ‘ಅಪ್ಪಾ, ನೂರು ಪುಟ ಕಡಿಮಿ ಇರಬೇಕಿತ್ತು.’ ಅವಸರದ ಕೆಲಸ ನಾನೂ ಮಾಡೀನಿ. 2020ರ ಫೆಬ್ರವರಿದಾಗ ನಮ್ಮಲ್ಲಿ 85ನೇ ಸಾಹಿತ್ಯ ಸಮ್ಮೇಳನ ಆಯ್ತಲ್ಲ, ವಿಶ್ವವಿದ್ಯಾಲಯದ ಬಯಲಿನ್ಯಾಗ. ಒಬ್ರು ಕವಿ ಹದಿನೈದು ದಿನ ಮೊದಲ ಬಂದು ‘ಮೊದಲನೇ ದಿನ ಮಳಿಗ್ಯಾಗ ಇರಬೇಕು’ ಅಂದ್ರು. 500 ಪ್ರತಿ. ಎರಡನೇ ಪ್ರೂಫ್ ನೋಡ್ಲಿಲ್ಲ. ಮೂರನೇ ಫಾರಂ, ಪುಟ 33ರಿಂದ 48, ತಲಿಕೆಳಗ ಬೈಂಡ್ ಆಯ್ತು. ಅವರು ತಮ್ಮ ಕವಿತಾ ಓದ್ಲಿಕ್ಕ ಪುಸ್ತಕ ತಿರುವಿ ಹಿಡ್ದು ನಿಂತಿದ್ದು ನಾನೇ ನೋಡೀನಿ. ಕಾಗದ, ಕೂಲಿ ಎಲ್ಲಾ ಸೇರಿ ನಂಗ 11,000 ಹೋಯ್ತು. ರೊಕ್ಕದ್ದು ಮರ್ತೀನಿ. ಅವರ ಮಾರಿ ಮರ್ತಿಲ್ಲ.

ಬೀದರ ಮಾಸ್ತರ

ಎಲ್ಲರೂ ಇಂಗ್ಲಿಷ್ ಪುಸ್ತಕದ ಬಗ್ಗೆಯೇ ಮಾತಾಡುತ್ತಿದ್ದೀರಿ. ಎರಡನೇ ಭಾಗದ ನೋವು ಇಂದಿನದಲ್ಲ. ದೇವಕೀನಂದನ ಖತ್ರಿಯವರ ‘ಚಂದ್ರಕಾಂತಾ’ 1888ರದು. ವಿಜಯಗಢದ ರಾಜಕುಮಾರಿ ಚಂದ್ರಕಾಂತಾ, ನೌಗಢದ ವೀರೇಂದ್ರಸಿಂಹ, ಇಬ್ಬರ ನಡುವೆ ತಿಲಿಸ್ಮು ಎಂಬ ಮಾಯಾಜಾಲ, ಐಯಾರರು ಎಂಬ ವೇಷ ಮರೆಸುವ ಗೂಢಚಾರರು. ಅದನ್ನು ಓದಲೆಂದೇ ಎಷ್ಟೋ ಜನ ಹಿಂದಿ ಕಲಿತರು ಎನ್ನುತ್ತಾರೆ, ನಾನೂ ಹಾಗೆಯೇ. ನಮ್ಮ ತಂದೆಯವರು ಉರ್ದು ಓದಿದವರು, ಉರ್ದುವಿನ ಮಾಯಾಕಥೆ ‘ತಿಲಿಸ್ಮ್-ಎ-ಹೋಶರುಬಾ’ ಬಾಯಿಪಾಠ ಹೇಳುತ್ತಿದ್ದರು. ಅವರ ಎದುರು ಹಿಂದಿ ಪುಸ್ತಕ ಹಿಡಿದು ಕೂರಲು ನನಗೆ ಹದಿನಾರನೇ ವಯಸ್ಸಿನಲ್ಲಿ ಎಷ್ಟು ಹೆಮ್ಮೆ! ಐಯಾರ ತೇಜಸಿಂಹ ಮೂರ್ಛೆ ಹೋದವರ ಮೂಗಿಗೆ ಲಖಲಖಾ ಎಂಬ ಎಚ್ಚರಿಸುವ ಮದ್ದು ಹಿಡಿಯುವುದನ್ನು ಓದಿ, ಅಮ್ಮನ ಅತ್ತರಿನ ಹತ್ತಿ ತಂದು ಮಲಗಿದ್ದ ತಮ್ಮನ ಮೂಗಿಗೆ ಹಿಡಿದಿದ್ದೆ.

ಆಮೇಲೆ ‘ಚಂದ್ರಕಾಂತಾ ಸಂತತಿ’ ಹಿಡಿದೆ, 24 ಭಾಗ. ಅಲ್ಲಿ ಕಥೆ ಅವಳ ಮಕ್ಕಳದು, ಇಂದ್ರಜಿತಸಿಂಹ, ಆನಂದಸಿಂಹ. ಯಾರಿಗಾಗಿ ಹಿಂದಿ ಕಲಿತೆನೋ ಆ ಚಂದ್ರಕಾಂತಾ ಹಿಂದೆ ಸರಿದುಬಿಟ್ಟಳು. ಮನೆಯ ಹಿರಿಯಳು ಪಡಸಾಲೆಯಿಂದ ಒಳಕೋಣೆಗೆ ಹೋದ ಹಾಗೆ. ಆ ಸಂಕಟ ಇನ್ನೂ ಇದೆ. 1994ರಲ್ಲಿ ದೂರದರ್ಶನದಲ್ಲಿ ಧಾರಾವಾಹಿ ಬಂದಾಗ ಓಣಿಯೇ ನಮ್ಮ ಮನೆಯಲ್ಲಿ ಸೇರುತ್ತಿತ್ತು. ಆಗ ಒಬ್ಬರು ಗೆಳೆಯರು ಸಂತತಿಯ ಒಂದು ಸಂಪುಟ ಓದಿ ಕೊಡುತ್ತೇನೆಂದು ಒಯ್ದವರು ಕೊಡಲೇ ಇಲ್ಲ. ಕಪಾಟಿನಲ್ಲಿ ಆ ಜಾಗ ಹಾಗೇ ಬಿಟ್ಟಿದ್ದೇನೆ.

ಹುಮನಾಬಾದ್ ಹುಡುಗಿ

ಸರ್, ಅದು ತಿಲಿಸ್ಮಿ ಕಥಿ, ಇದು ರೊಮ್ಯಾಂಟಸಿ, ಅಂದ್ರ ಪ್ರೀತಿ, ಮಾಯಾಲೋಕ ಕೂಡಿದ ಕಥಿ. ಎರಡೂ ಬ್ಯಾರೆ. ಓದುಗಿ ಅಕ್ಕಾ, ನಾ ಮೂರೂ ಓದೀನಿ. ಎರಡನೇದರ ಕಡೀಕ ಝೇಡನ್ ತಾನೇ ವೆನಿನ್, ಅಂದ್ರ ನೆಲದ ಮಾಯಾಶಕ್ತಿ ಹೀರೋ ವೈರಿ ಆಗ್ತಾನಲ್ಲ, ಅದಾದ ಮ್ಯಾಲ ಮೂರನೇದು ಓದ್ಲಾರ್ದ ಹೆಂಗ ಇರ್ತೀರಿ? ನಾ ಮೂರನೇದಕ್ಕ ಹೊಲಿಗಿ ಕೆಲಸದ ರೊಕ್ಕ ಕೂಡಿಟ್ಟೀನಿ, ಬ್ಲೌಸಿಗಿ 120ರಂತೆ ಐದು ಬ್ಲೌಸ್. ಒಂದಕ್ಕ ಕೈ ಕೂಡಿಸಿದ್ದು ತಪ್ಪಾಗಿ ಬಿಚ್ಚಿ ಮತ್ತ ಹೊಲಿದೀನಿ, ಕಣ್ಣು ಮುಂದ ಪೂರಾ ಅಂವನೇ ಇದ್ದ.

ಸೇಡಂ ಸಿಸ್ಟರ್

ಹುಮನಾಬಾದ್ ಹುಡುಗಿ, ನಾ ಇನ್ನೂ ಐವತ್ತನೇ ಅಧ್ಯಾಯದಾಗ ಇದ್ದೆ! ನೈಟ್ ಡ್ಯೂಟಿ ಮುಗಿಸಿ ಬಂದು ದಿನಾ ಹತ್ತು ಪುಟ ಓದ್ತೀನಿ, ಒಂದೇ ಖುಷಿ ಅದು ನಂಗ. ಒಂದು ಮಾತು ಮುಂಚೆ ಎಚ್ಚರ ಕೊಡ್ಲಿಕ್ಕ ಏನಾಗಿತ್ತು? ನಂಗ ಅಳು ಬಂತು, ಖರೆ ಹೇಳ್ತೀನಿ.

ಹುಮನಾಬಾದ್ ಹುಡುಗಿ

ಸಿಸ್ಟರ್, ಪ್ರಶ್ನಿ ಕೇಳಿದಾಕಿ ಎರಡನೇದು ಮುಗಿಸೀನಿ ಅಂದಾರ, ಅದಕ್ಕ ಬರೆದೀನಿ. ಎರಡು ವರ್ಷ ಹಳೀ ಪುಸ್ತಕ. ಆದ್ರೂ ನಿಮಗ ನೋವಾಯ್ತು, ತಪ್ಪಾಯ್ತು.

ಸೇಡಂ ಸಿಸ್ಟರ್

ತಪ್ಪಾಯ್ತು ಅಂದ್ರ ಓದಿದ್ದು ತಲ್ಯಾಗಿಂದ ಹೋಗಂಗಿಲ್ಲ.

ನಾ ಯಾಕ ಇಷ್ಟು ಹಚ್ಕೊಂಡೀನಿ ಹೇಳ್ತೀನಿ, ಓದುಗಿ, ನಿನಗ ಉಪಯೋಗ ಆಗ್ತದೊ ಇಲ್ಲೊ. ವಯೊಲೆಟ್ ಮೈಕೀಲು ಸಡಿಲ, ಮಂಡಿ ಕಟ್ಕೊಂಡೇ ತರಬೇತಿಗಿ ಹೋಗ್ತಾಳಲ್ಲ? ಬರೆದ ಲೇಖಕಿಗೇ ಎಹ್ಲರ್ಸ್-ಡ್ಯಾನ್ಲೋಸ್ ಅನ್ನೋ ತೊಂದ್ರಿ ಅದ. ನಂಗೂ ಅದೇ. ಗೊತ್ತಾಗೋ ತನಕ ನಾಕು ವರ್ಷ. ಮೊದಲ ಸಲ ಆಗಿದ್ದು ರೊಟ್ಟಿ ಬಡಿಯುವಾಗ. ಜ್ವಾಳದ ಹಿಟ್ಟು ನಾದಿ ಮೂರನೇ ರೊಟ್ಟಿ ಬಡಿದೆ, ಬಲ ಭುಜ ಜಾರಿ ಕೆಳಗ ಇಳೀತು. ಕೈ ಹಿಟ್ಟಿನ ಮ್ಯಾಲೇ ಸತ್ತಂಗ ಬಿತ್ತು, ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿ ಹೊಗಿ ಬರ್ಲತ್ತಿತ್ತು, ನಾ ಅದನ್ನೇ ನೋಡ್ಕೋತ ಕುಂತಿದ್ದೆ. ಅತ್ತಿಯವ್ರು ‘ಕೆಲಸಕ್ಕ ನೆವ’ ಅಂದ್ರು. ಸೊಲ್ಲಾಪುರಕ್ಕ ಮೂರು ಸಲ, ಎಕ್ಸ್‌ರೇ ಪ್ರತೀ ಸಲ ಹೊಸದು. ಆಮ್ಯಾಲ ಹೈದರಾಬಾದ್, ಅಲ್ಲೊಂದು ಕಡಿ 18,000 ಕಟ್ಟಿಸ್ಕೊಂಡು ‘ಟೆನ್ಶನ್ ತಗೋಬ್ಯಾಡ್ರಿ’ ಅಂತ ಚೀಟಿ ಬರೆದ್ರು. ನರ್ಸ್ ಆಗಿ ನಾನೇ ಓದಿ ಓದಿ ಹುಡುಕಿ ಇನ್ನೊಬ್ಬ ಡಾಕ್ಟರ್ ಮುಂದ ಹೆಬ್ಬೆರಳು ಮಣಿಕಟ್ಟಿಗಿ ಮುಟ್ಟಿಸಿ ತೋರಿಸಿದ ಮ್ಯಾಲ ಹೆಸರು ಸಿಕ್ತು.

ಕಥಿಯೊಳಗ ಹಂಗಿರೋ ಹುಡುಗಿ ಡ್ರ್ಯಾಗನ್ ಮ್ಯಾಲ ಕುಂದರ್ತಾಳ. ಜಾರಿ ಬೀಳ್ತಾಳ, ಆಕಿಗಿ ಜೀನು ಮಾಡಿಸ್ತಾರ, ಮತ್ತ ಏರ್ತಾಳ. ಎರಡನೇ ಭಾಗ ಉದ್ದ ಆಯ್ತು ಅಂತೀರಿ. ನಂಗ ಉದ್ದ ಆದಷ್ಟೂ ಬೇಕು.

ಪ್ರೆಸ್ ಕಾಕಾ, ಕಲಬುರಗಿ

ಸಿಸ್ಟರ್, ನೂರು ಪುಟ ಕಡಿಮಿ ಇರಬೇಕಿತ್ತು ಅಂದ ಮಾತು ನಾ ವಾಪಸ್ ತಗೋತೀನಿ. ಮಗಳು ತಗೋಳಂಗಿಲ್ಲ, ಆಕಿ ಬ್ಯಾರೆ.

ಬೀದರ ಮಾಸ್ತರ

‘ಅದು ಬೇರೆ, ಇದು ಬೇರೆ’ ಎಂದ ಮಗುವಿಗೆ: ರಾಜಕುಮಾರಿ, ಪ್ರಿಯಕರ, ನಡುವೆ ಮಾಯೆ, ಮೋಸ, ಯುದ್ಧ. ಏನು ಬೇರೆ? ನಮ್ಮಲ್ಲಿ ಇದೆಲ್ಲ ಇತ್ತೆಂದು ಹೇಳಿದರೆ ಈಗಿನವರಿಗೆ ಯಾಕಿಷ್ಟು ಅಸಡ್ಡೆ?

ಹುಮನಾಬಾದ್ ಹುಡುಗಿ

ಅಸಡ್ಡೆ ಇಲ್ಲ ಸರ್. ನಂಗ ಹಿಂದಿ ಓದ್ಲಿಕ್ಕ ಬರ್ತದ. ಪುಸ್ತಕ ಕೊಡ್ತೀರಂದ್ರ ಬಂದು ಒಯ್ತೀನಿ.

ಬೀದರ ಮಾಸ್ತರ

ಕೊಡುವುದಿಲ್ಲಮ್ಮಾ. ಮನೆಗೆ ಬಂದು ಓದು. ಚಹಾ ನಮ್ಮದು.

ಜಗತ್ ಸರ್ಕಲ್ ಓದುಗಿ, ಕಲಬುರಗಿ

ಎಲ್ಲಾರದೂ ಎರಡೆರಡು ಸಲ ಓದೀನಿ. ಆರುನೂರು ಎತ್ತಿಟ್ಟೀನಿ, ಮೂರನೇದು ಈಗಲೇ ತರಿಸಂಗಿಲ್ಲ. ಆಳಂದ ಅಕ್ಕಾ ನೋಟಿಸಿನ ಮಾತು ಹೇಳಿದ ಮ್ಯಾಲ ಆ ಮುನ್ನೂರು ಪುಟ ಮತ್ತೊಮ್ಮಿ ಓದ್ಲತ್ತೀನಿ. ‘ಕೇಳಿದ್ರ ಹೇಳ್ತೀನಿ’ ಅನ್ನೋದು ಈಗ ಬ್ಯಾರೆನೇ ಕೇಳಸ್ಲತ್ತದ. ಸಿಟ್ಟು ಬರ್ತದ, ಬ್ಯಾಸರ ಬರ್ತಿಲ್ಲ.

ಯಾದಗಿರಿ ಪ್ಯಾಸೆಂಜರ್

ಓದುಗಿ, ನಿಮ್ಮ ಪ್ರತಿಯೊಳಗಿನ 321ರಿಂದ 352 ಫೋಟೊ ತೆಗ್ದು ಕಳಿಸ್ತೀರೇನ್ರಿ?

ಆಳಂದ ರಸ್ತೆ

ಓದುಗಿ, ಕಳಿಸಬ್ಯಾಡ. ಫೋಟೊ ತೆಗ್ದು ಹಂಚೂದೂ ಅದೇ ತಪ್ಪು. ತಮ್ಮಾ, ಕಳ್ಳ ಅಂದಿದ್ದು ನಿನಗ ಅಲ್ಲ, ಆ ಪ್ರತಿಗಿ ಅಂದೀನಿ. ನನ್ನ ಪುಸ್ತಕ ಮನಿಗಿ ಒಯ್ಯಾಕ ಕೊಡಂಗಿಲ್ಲ, ಮಾಸ್ತರರ ಕಪಾಟಿನಂಗ ನನ್ನದರಾಗೂ ಜಾಗ ಖಾಲಿ ಆಗೂದು ಬ್ಯಾಡ. ಮುಂದಿನ ಭಾನುವಾರ ಅಕ್ಕನ ಮನಿಗಿ ಕಲಬುರಗಿಗಿ ಬರ್ತೀನಿ, ಪುಸ್ತಕ ಜೋಡಿ ತರ್ತೀನಿ. ಹನ್ನೊಂದಕ್ಕ ಶರಣಬಸವೇಶ್ವರ ಗುಡಿ ಅಂಗಳಕ್ಕ ಬಾ, ನನ್ನ ಮುಂದೇ ಕುಂತು ಆ 32 ಪುಟ ಓದು. ಕೈ ತೊಳ್ಕೊಂಡು ಬಾ. ಮೂಲಿ ಮಡಚಬ್ಯಾಡ.