ಅಪ್‌ಡೇಟ್: ಕೆಂಪಗಾಗುತ್ತಿದ್ದ ಹೆಡರ್‌ಗೆ ಕಾರಣ ತಿಳಿಯಿತು

ಕಾರ್ಬುರೇಟರ್ ಇರುವ ನನ್ನ ಹಳೆಯ ಮಾರುತಿ ಜಿಪ್ಸಿಗೆ ಬೇರೆ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ದಂಡ) ಮತ್ತು ಉಕ್ಕಿನ ಹೆಡರ್ (ಎಂಜಿನ್‌ನಿಂದ ಹೊಗೆ ಹೊರಗೊಯ್ಯುವ ಕೊಳವೆಗಳು) ಅಳವಡಿಸಿದ ಮೇಲೆ, ನಿಂತಲ್ಲೇ ಐಡಲ್‌ನಲ್ಲಿದ್ದರೂ (ಆಕ್ಸಿಲರೇಟರ್ ಒತ್ತದೆ ಎಂಜಿನ್ ನಿಧಾನವಾಗಿ ಓಡುತ್ತಿದ್ದರೂ) ಕೊಳವೆಗಳು ಕೆಂಪಗೆ ಹೊಳೆಯುತ್ತವೆ ಎಂದು ಇಲ್ಲಿ ಕೇಳಿದ್ದೆ. ಪೆಟ್ರೋಲ್ ಸಾಲದೆ ಮಿಶ್ರಣ ತೆಳುವಾಗಿರಬಹುದು ಎಂಬುದು ಹೆಚ್ಚಿನವರ ಅಭಿಪ್ರಾಯವಾಗಿತ್ತು. ಆದರೆ ಸ್ಪಾರ್ಕ್ ಪ್ಲಗ್‌ಗಳ ತುದಿಯಲ್ಲಿ ಮಿಶ್ರಣ ಸರಿಯಿದೆ ಎಂದು ಸೂಚಿಸುವ ತಿಳಿಕಂದು ಬಣ್ಣವಿತ್ತು, ನಾಲ್ಕೂ ಕೊಳವೆಗಳು ಒಂದೇ ರೀತಿ ಕಾಯುತ್ತಿದ್ದವು. ಆದ್ದರಿಂದ ದೋಷ ಒಂದು ಸಿಲಿಂಡರಿನದಲ್ಲ, ಮಿಶ್ರಣದ್ದೂ ಅಲ್ಲ ಎನಿಸಿತು.

ಕಿಡಿ ಹಾರುವ ಹೊತ್ತನ್ನು ತೋರಿಸುವ ಟೈಮಿಂಗ್ ಲೈಟ್ ಹಿಡಿದು ನೋಡಿದಾಗ, ಪಿಸ್ಟನ್ ಮೇಲ್ತುದಿ ತಲುಪುವುದಕ್ಕೆ ತುಸು ಮೊದಲೇ ಹಾರಬೇಕಾದ ಕಿಡಿ, ಅದು ತಲುಪುವ ಹೊತ್ತಿಗೆ ಹಾರುತ್ತಿರುವುದು ಕಂಡಿತು. ಕಿಡಿ ತಡವಾದರೆ ಎಕ್ಸಾಸ್ಟ್ ವಾಲ್ವ್ ತೆರೆಯುವಾಗಲೂ ಉರಿ ಮುಗಿದಿರುವುದಿಲ್ಲ, ಪಿಸ್ಟನ್ನನ್ನು ತಳ್ಳಬೇಕಾದ ಶಾಖದ ಒಂದು ಪಾಲು ಹೆಡರ್‌ಗೆ ಹರಿಯುತ್ತದೆ. ತೆಳು ಉಕ್ಕಿನ ಕೊಳವೆ ಹೆಡರ್‌ನ ಜಾಗದಲ್ಲಿ ಸಾಮಾನ್ಯವಾಗಿ ಇರುವ ದಪ್ಪ ಎರಕದ ಮ್ಯಾನಿಫೋಲ್ಡ್‌ಗಿಂತ ಬೇಗ ಕೆಂಪೇರುತ್ತದೆ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ಕಿಡಿಯ ಹೊತ್ತನ್ನು ಕೈಪಿಡಿಯ ಅಂಕಿಗೆ ತಂದ ಮೇಲೆ ಹೊಳಪು ಸಂಪೂರ್ಣವಾಗಿ ನಿಂತಿತು, ಐಡಲ್ ವೇಗವೂ ತಾನಾಗಿ ಏರಿದ್ದರಿಂದ ಐಡಲ್ ಸ್ಕ್ರೂ ತಿರುಗಿಸಿ ಅದನ್ನು ಇಳಿಸಬೇಕಾಯಿತು.

ಶಾಖ ತಡೆಯುವ ಪಟ್ಟಿ ಸುತ್ತುವ ಸಲಹೆಯನ್ನು ನಾನು ಒಪ್ಪಲಿಲ್ಲ, ಏಕೆಂದರೆ ಅದು ಕಾರಣವನ್ನು ಮರೆಮಾಡಿ ಕೊಳವೆಯನ್ನು ಇನ್ನಷ್ಟು ಕಾಯಿಸುತ್ತಿತ್ತು. ತಣ್ಣಗಿನ ಎಂಜಿನ್ ಚಾಲೂ ಮಾಡಿದಾಗ ಹೆಡರ್ ಎಂಜಿನ್‌ಗೆ ಸೇರುವಲ್ಲಿ ಸೋರಿಕೆ ತಡೆಯುವ ಗ್ಯಾಸ್ಕೆಟ್ ಬಳಿ ಟಿಕ್‌ಟಿಕ್ ಸದ್ದು ಇನ್ನೂ ಇದೆ. ಹೊಸ ಗ್ಯಾಸ್ಕೆಟ್ ಹಾಕಿಸಿ, ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಗೊಳಿಸಲಿದ್ದೇನೆ.