ಬಾಗಿಲ ಹಿಡಿ ಮುಟ್ಟಿದಾಗಿನ ಶಾಕ್ ಸಾವಿರಾರು ವೋಲ್ಟ್ ಅಂತೆ, ಮತ್ತೆ ನಮಗೇಕೆ ಏನೂ ಆಗುವುದಿಲ್ಲ?

ಪ್ರಶ್ನೆ:
ಒಣ ಹವೆಯಲ್ಲಿ ಉಣ್ಣೆ ಸ್ವೆಟರ್ ತೆಗೆದು ಬಾಗಿಲ ಹಿಡಿ ಮುಟ್ಟಿದರೆ ಚುರ್ ಅಂತ ಶಾಕ್ ಹೊಡೆಯುತ್ತದೆ. ಅದು 10,000 ವೋಲ್ಟ್ ತನಕ ಇರಬಹುದು ಅಂತ ಓದಿದೆ. ಸಾಕೆಟ್‌ನಲ್ಲಿ ಇರುವುದು ಬರೀ 230 ವೋಲ್ಟ್, ಅದು ಜೀವ ತೆಗೆಯುತ್ತದೆ. ಇವೆರಡೂ ಬೇರೆ ಬೇರೆ ಜಾತಿಯ ಕರೆಂಟಾ? ಯಾರನ್ನು ಕೇಳಿದರೂ "ಕೊಲ್ಲುವುದು ವೋಲ್ಟ್ ಅಲ್ಲ, ಆಂಪಿಯರ್" ಅಂತ ಹೇಳಿ ಮುಗಿಸುತ್ತಾರೆ. ಆದರೆ ಓಮ್ ನಿಯಮದ ಪ್ರಕಾರ ವೋಲ್ಟ್ ಜಾಸ್ತಿ ಆದರೆ ಆಂಪಿಯರ್, ಅಂದರೆ ಹರಿಯುವ ಕರೆಂಟ್, ಕೂಡ ಜಾಸ್ತಿ ಆಗಬೇಕು, ಅಲ್ವಾ?

ಉತ್ತರ 1:
ಜಾತಿ ಒಂದೇ. ಈ ಅನುಮಾನ ಹಳೆಯದು, 1833ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಮೈಕೆಲ್ ಫ್ಯಾರಡೆ ಪ್ರಯೋಗ ಮಾಡಿ ಉಜ್ಜಿದ್ದರಿಂದ ಬಂದದ್ದು, ಬ್ಯಾಟರಿಯಿಂದ ಬಂದದ್ದು ಎರಡೂ ಒಂದೇ ಅಂತ ತೋರಿಸಿದ್ದ. ಉಜ್ಜಿದಾಗ ಹೊಸ ಚಾರ್ಜ್ ಹುಟ್ಟುವುದಿಲ್ಲ, ಒಂದು ಕಡೆಯ ಎಲೆಕ್ಟ್ರಾನ್ ಇನ್ನೊಂದು ಕಡೆಗೆ ದಾಟುತ್ತದೆ ಅಷ್ಟೇ. ನಿಂತಿದ್ದರೆ ಸ್ಟಾಟಿಕ್, ಹರಿದರೆ ಕರೆಂಟ್.

ಉತ್ತರ 2:
ಓಮ್ ನಿಯಮದ ಬಗ್ಗೆ ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಆ ಆಂಪಿಯರ್ ಮಾತು ಅರ್ಧ ಸತ್ಯ, ನನಗಂತೂ ಅದನ್ನು ಕೇಳಿದರೆ ಕಿರಿಕಿರಿ. ಬಾಗಿಲ ಹಿಡಿಯ ಕಿಡಿಯಲ್ಲೂ ಒಂದು ಕ್ಷಣ ಕೆಲವು ಆಂಪಿಯರ್ ಹರಿಯುತ್ತದೆ! ಆದರೆ ಆ ಕ್ಷಣ ಅಂದರೆ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ, ಅದಕ್ಕಿಂತ ಕಡಿಮೆಯೂ ಇರಬಹುದು.

ಲೆಕ್ಕ ಹಾಕಿ ನೋಡಿ. ನಮ್ಮ ಮೈಯ ಕೆಪಾಸಿಟೆನ್ಸ್, ಅಂದರೆ ಚಾರ್ಜ್ ಹಿಡಿದಿಟ್ಟುಕೊಳ್ಳುವ ಸಾಮರ್ಥ್ಯ, ಸುಮಾರು 100 ಪಿಕೊಫ್ಯಾರಡ್, ತೀರಾ ಕಡಿಮೆ. 10,000 ವೋಲ್ಟ್‌ಗೆ ಏರಿದರೂ ಕೂಡಿಕೊಂಡಿರುವ ಚಾರ್ಜ್ 1 ಮೈಕ್ರೊಕೂಲಂಬ್ (ಕೂಲಂಬ್ ಚಾರ್ಜಿನ ಅಳತೆ, ಇದು ಅದರ ಹತ್ತು ಲಕ್ಷದಲ್ಲಿ ಒಂದು ಭಾಗ), ಶಕ್ತಿ 5 ಮಿಲಿಜೂಲ್. ಕಿಡಿ ಹಾರಿತು ಅಂದರೆ ಅದು ಖಾಲಿ, ಹಿಂದಿನಿಂದ ತುಂಬಿಕೊಡುವವರು ಯಾರೂ ಇಲ್ಲ, ವೋಲ್ಟ್ ಕೂಡ ಅದರ ಜೊತೆಗೇ ಕುಸಿದು ಹೋಗುತ್ತದೆ. ಸಾಕೆಟ್ ಹಾಗಲ್ಲ. ಮೈ ಮೂಲಕ 100 ಮಿಲಿಆಂಪಿಯರ್ ಒಂದು ಸೆಕೆಂಡ್ ಹರಿದರೆ 0.1 ಕೂಲಂಬ್ ಆಯಿತು, ಅಂದರೆ ಕಿಡಿಯ ಒಂದು ಲಕ್ಷ ಪಟ್ಟು, ಮತ್ತು ಅಷ್ಟರಲ್ಲಿ ಹೃದಯದ ಬಡಿತ ಹದ ತಪ್ಪಬಹುದು. ಅದರ ಮೇಲೆ 10 ಮಿಲಿಆಂಪಿಯರ್ ದಾಟಿದರೆ ಕೈಯ ಸ್ನಾಯುಗಳು ಬಿಗಿದುಕೊಂಡು ತಂತಿ ಬಿಡುವುದಕ್ಕೂ ಆಗದೆ ಹೋಗಬಹುದು. ಹಾಗಾಗಿ ಬರೀ ವೋಲ್ಟ್ ಅಥವಾ ಬರೀ ಆಂಪಿಯರ್ ಕೇಳಿದರೆ ಸಾಲದು, ಎಷ್ಟು ಹೊತ್ತು ಹರಿಯಿತು ಅಂತಲೂ ಕೇಳಬೇಕು.

ಉತ್ತರ 3:
ಮೇಲಿನ ಲೆಕ್ಕ ಸರಿ, ಆದರೆ ಇದನ್ನು ಓದಿ ಸ್ಟಾಟಿಕ್ ಅಂದರೆ ಯಾವಾಗಲೂ ನಿರಪಾಯ ಅಂದುಕೊಳ್ಳಬೇಡಿ. ಸಿಡಿಲು ಕೂಡ ಸ್ಟಾಟಿಕ್ ಚಾರ್ಜೇ. 1750ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಲೇಡನ್ ಜಾಡಿ ಎಂಬ ಗಾಜಿನ ಪಾತ್ರೆಗಳಲ್ಲಿ ಚಾರ್ಜ್ ಕೂಡಿಟ್ಟು ಟರ್ಕಿ ಕೋಳಿ ಕೊಲ್ಲಲು ಹೋಗಿ ತಾನೇ ಶಾಕ್ ತಿಂದು ಪ್ರಜ್ಞೆ ತಪ್ಪಿದ್ದ. ಕೋಳಿ ಬಚಾವ್! ಇನ್ನು ಪೆಟ್ರೋಲ್ ಆವಿ ಹೊತ್ತಿಕೊಳ್ಳಲು ಮೇಲೆ ಹೇಳಿದ 5 ಮಿಲಿಜೂಲ್ ಇರಲಿ, 1 ಮಿಲಿಜೂಲ್ ಕೂಡ ಬೇಕಾಗಿಲ್ಲ.

ಪ್ರಶ್ನೆ ಕೇಳಿದವರು:
ಈಗ ಅರ್ಥವಾಯಿತು, ಓಮ್ ನಿಯಮ ತಪ್ಪಿಲ್ಲ, ಕೊಡುವವನ ಕೈಯೇ ಖಾಲಿ. ಆದರೂ ಆ ಚುರ್ ಅನ್ನುವುದು ಹಿಂಸೆ. ತಪ್ಪಿಸಿಕೊಳ್ಳಲು ದಾರಿ ಇದೆಯಾ?

ಉತ್ತರ 2:
ಬೀಗದ ಕೈಯನ್ನು ಗಟ್ಟಿಯಾಗಿ ಹಿಡಿದು ಮೊದಲು ಅದರ ತುದಿಯನ್ನು ಬಾಗಿಲ ಹಿಡಿಗೆ ತಾಗಿಸಿ. ಕಿಡಿ ಲೋಹದಿಂದ ಹಾರುತ್ತದೆ, ಚರ್ಮದ ಒಂದೇ ಚುಕ್ಕೆಯಿಂದ ಅಲ್ಲ, ಅದಕ್ಕೇ ಅಷ್ಟಾಗಿ ನೋಯುವುದಿಲ್ಲ. ಸಾಕೆಟ್ ಹತ್ತಿರ ಮಾತ್ರ ಈ ಪ್ರಯೋಗ ಬೇಡ.