ಪದಚರ್ಚೆ: ‘ಪೋರ್ಟ್’ಗೆ ಬಾಗಿಲು, ‘ಗೇಟ್‌ವೇ’ಗೆ ಅಗಸಿ ಅನ್ನಬಹುದೇ?

ಎಲ್ಲರಿಗೂ ಕಲಬುರಗಿಯಿಂದ ನಮಸ್ಕಾರ.

ಮನೆಯಲ್ಲೇ ಸಣ್ಣ ಸರ್ವರ್ ಇಟ್ಟು ಫೋಟೊ, ಕಡತ ಕಾಯ್ದುಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ‘ಪೋರ್ಟ್’ ಎಂಬಲ್ಲಿ ಬಂದು ನಿಂತಿದೆ. ರೌಟರ್ ಹಿಂದೆ ಕೇಬಲ್ ಸಿಕ್ಕಿಸುವ ಜಾಗವೂ ಪೋರ್ಟ್, 443 ಎಂಬ ಸಂಖ್ಯೆಯೂ ಪೋರ್ಟ್. ‘ನಾಲ್ಕು ಪೋರ್ಟಿನ ರೌಟರಿನಲ್ಲಿ 443ನೇ ಪೋರ್ಟ್ ತೆರೆಯಿರಿ’ ಎಂದು ಬರೆದರೆ ಹೊಸಬರು ರೌಟರನ್ನು ತಿರುಗಿಸಿ ನೋಡುತ್ತಾರೆ. ಯಂತ್ರಾನುವಾದಕ್ಕೆ ಕೊಟ್ಟರೆ ‘ಬಂದರು’ ಎಂದೂ ಬರುತ್ತದೆ. ಮನೆಯ ಜಾಲದಿಂದ ಹೊರಹೋಗುವ ದಾರಿಯಾದ ಗೇಟ್‌ವೇ, ಹೊರಗಿನಿಂದ ಬಂದದ್ದನ್ನು ಒಳಗಿನ ಯಂತ್ರಕ್ಕೆ ಕಳಿಸುವ ಪೋರ್ಟ್ ಫಾರ್ವರ್ಡಿಂಗ್ ಇವಕ್ಕೂ ಮಾತು ಬೇಕು. ಇನ್ನೊಂದು: ಕನೆಕ್ಷನ್ ರಿಫ್ಯೂಸ್ಡ್, ಟೈಮ್ಡ್ ಔಟ್ ಎಂಬ ದೋಷಸಂದೇಶ ಎರಡಕ್ಕೂ ‘ಸಂಪರ್ಕ ವಿಫಲ’ ಅಂದರೆ ಸಾಕೇ?

*

ಬೀದರಿನಿಂದ ಉತ್ತರ:

ಬಂದರು ಬೇಡವೇ ಬೇಡ್ರೀ. ಲ್ಯಾಟಿನ್ನಿನಲ್ಲಿ ‘ಪೋರ್ಟುಸ್’ ಅಂದರೆ ಹಡಗು ನಿಲ್ಲುವ ತಾಣ, ‘ಪೋರ್ಟಾ’ ಅಂದರೆ ಬಾಗಿಲು. ಕಂಪ್ಯೂಟರಿನ ಪೋರ್ಟ್ ಎರಡನೆಯದರ ಕುಲಕ್ಕೆ ಸೇರಿದ್ದು. ಜಾಲದಲ್ಲಿ ಯಂತ್ರವನ್ನು ಗುರುತಿಸುವ ಐಪಿ ವಿಳಾಸ ಮನೆಯಾದರೆ ಪೋರ್ಟ್ ಸಂಖ್ಯೆ ಆ ಮನೆಯ ಬಾಗಿಲು. 16 ಬಿಟ್ಟಿನ ಸಂಖ್ಯೆ, 0ಯಿಂದ 65535ರವರೆಗೆ. ದೂರದ ಯಂತ್ರಕ್ಕೆ ಲಾಗಿನ್ ಆಗುವ ಎಸ್‌ಎಸ್‌ಎಚ್ 22ರಲ್ಲಿ, ಜಾಲತಾಣದ ಹೆಸರಿಗೆ ವಿಳಾಸ ಹುಡುಕುವ ಡಿಎನ್‌ಎಸ್ 53ರಲ್ಲಿ, ಸುರಕ್ಷಿತ ಜಾಲಪುಟದ ಎಚ್‌ಟಿಟಿಪಿಎಸ್ 443ರಲ್ಲಿ. ‘ಬಾಗಿಲು 443’ ಎಂದು ಬರೆಯಿರಿ, ತಿಳಿಯುತ್ತದೆ.

ಕೇಬಲ್ ಸಿಕ್ಕಿಸುವುದಕ್ಕೆ ಬೇರೆ ಪದವೇ ಇರಲಿ: ಕಿಂಡಿ. ಯಾಕೆಂದರೆ ಎರಡರ ರೋಗವೂ ಬೇರೆ, ಮದ್ದೂ ಬೇರೆ. ಕಿಂಡಿಯೊಳಗೆ ಎಂಟು ತಂತಿ, ನಾಲ್ಕು ಜೋಡಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100 ಮೆಗಾಬಿಟ್‌ಗೆ ಎರಡು ಸಾಕು. ಒಂದು ಪಿನ್ ಬಾಗಿದರೂ ಎಷ್ಟೋ ಸಲ ಸಂಪರ್ಕ ಕಡಿಯುವುದಿಲ್ಲ, ಸುಮ್ಮನೆ 100ಕ್ಕೆ ಇಳಿದುಬಿಡುತ್ತದೆ. ಅದು ಕಿಂಡಿಯ ದೋಷ. ಬಾಗಿಲಿನ ಸಂಖ್ಯೆ ಎಷ್ಟು ತಿದ್ದಿದರೂ ಹೋಗದು.

ಗೇಟ್‌ವೇಗೆ ‘ಅಗಸಿ’, ಅಂದರೆ ಊರಬಾಗಿಲು, ನನಗಂತೂ ತುಂಬ ಹಿಡಿಸಿತು. ಓಣಿಯ ಮನೆಗೆ ಹೋಗಲು ಯಾರೂ ಅಗಸಿ ದಾಟುವುದಿಲ್ಲ. ಊರು ಬಿಟ್ಟು ಹೊರಡುವವನು ಮಾತ್ರ ದಾಟುತ್ತಾನೆ. ಗೇಟ್‌ವೇಯ ಕೆಲಸವೂ ಇದೇ. ಯಾವ ವಿಳಾಸಗಳು ಒಂದೇ ಜಾಲದವು ಎಂದು ಹೇಳುವ ಮಾಸ್ಕ್ 255.255.255.0 ಇದ್ದಾಗ 192.168.1.20 ಮತ್ತು 192.168.1.35 ನೇರವಾಗಿ ಮಾತಾಡಿಕೊಳ್ಳುತ್ತವೆ. ಹೊರಗಿನದಕ್ಕಷ್ಟೇ ಗೇಟ್‌ವೇ 192.168.1.1 ಬೇಕು. ಅದಕ್ಕೇ ಗೇಟ್‌ವೇ ತಪ್ಪು ಬರೆದರೂ ಮನೆಯ ಪ್ರಿಂಟರ್ ನಡೆಯುತ್ತದೆ, ಇಂಟರ್‌ನೆಟ್ ನಿಲ್ಲುತ್ತದೆ. ‘ಅಗಸಿ ತಪ್ಪಿದೆ’ ಅಂದರೆ ನಮ್ಮ ಕಡೆಯವರಿಗೆ ಇಷ್ಟೂ ಹೊಳೆಯುತ್ತದೆ. ಅಗಸಿ ಹಿಂಡಿ ನೆನಪಾಗುತ್ತದೆ ಎಂದು ಆಕ್ಷೇಪ ಬರಬಹುದು. ತಿನ್ನುವ ಅಗಸಿ ಯಾವುದು, ದಾಟುವ ಅಗಸಿ ಯಾವುದು ಎಂಬುದು ಸಂದರ್ಭದಲ್ಲೇ ಗೊತ್ತಾಗುತ್ತದೆ. ಮೈಸೂರು ಕಡೆಯ ಓದುಗರಿಗೆ ಒಮ್ಮೆ ‘ಊರಬಾಗಿಲು’ ಎಂದು ಬಿಡಿಸಿ ಹೇಳಿದರಾಯಿತು.

ಇನ್ನು ‘ಪೋರ್ಟ್ ತೆರೆಯುವುದು’. ಈ ಮಾತೇ ದಾರಿ ತಪ್ಪಿಸುತ್ತದೆ. ಬಾಗಿಲಲ್ಲಿ ಒಂದು ಪ್ರೋಗ್ರಾಮ್ ಕಾದು ಕೂತಿರದಿದ್ದರೆ ರೌಟರಿನಲ್ಲಿ ಏನು ಮಾಡಿದರೂ ವ್ಯರ್ಥ. ಹಾಗಾಗಿ ಹೀಗೆ ಕಾಯುವುದನ್ನು ಹೇಳುವ ‘ಲಿಸನ್’ಗೆ ‘ಆಲಿಸು’ ಬೇಡ, ‘ಬಾಗಿಲು ಕಾಯು’ ಅನ್ನಿ. ಲಿನಕ್ಸ್‌ನಲ್ಲಿ ‘ಎಸ್‌ಎಸ್’ ಆಜ್ಞೆಯನ್ನು ಟಿ, ಎಲ್, ಎನ್, ಪಿ ಆಯ್ಕೆಗಳೊಂದಿಗೆ ಕೊಟ್ಟರೆ ಯಾವ ಬಾಗಿಲನ್ನು ಯಾರು ಕಾಯುತ್ತಿದ್ದಾರೆ ಎಂಬ ಪಟ್ಟಿ ಬರುತ್ತದೆ. ಅಲ್ಲಿ 127.0.0.1:8096 ಎಂದಿದ್ದರೆ ಅದು ನಡುಮನೆಯ ಬಾಗಿಲು, ಆ ಯಂತ್ರದೊಳಗಿನವರಿಗೆ ಮಾತ್ರ. 0.0.0.0:8096 ಎಂದಿದ್ದರೆ ತಲಬಾಗಿಲು. ರೌಟರಿನಲ್ಲಿ ಎಲ್ಲ ಸರಿಯಿದ್ದೂ ಹೊರಗಿನವರು ಒಳಬರಲಾಗದೆ ಹೋಗುವುದು ಬಹಳ ಸಲ ಇಲ್ಲೇ.

ಫಾರ್ವರ್ಡಿಂಗ್‌ಗೆ ‘ಹಾಯಿಸು’. ಕಾಲುವೆಯ ನೀರನ್ನು ಬೇಕಾದ ಮಡಿಗೆ ಹಾಯಿಸಿದ ಹಾಗೆ, ‘ಅಗಸಿಯ 8443ಕ್ಕೆ ಬಂದದ್ದನ್ನು 192.168.1.20ರ 443ಕ್ಕೆ ಹಾಯಿಸಿ’. ವಾಕ್ಯ ಎಲ್ಲೂ ತೊಡರುವುದಿಲ್ಲ. ಆದರೆ ಕೈಪಿಡಿಯಲ್ಲಿ ಇದಕ್ಕೂ ಮೊದಲು ಸರ್ವರಿಗೆ ಕಾಯಂ ವಿಳಾಸ ಕೊಡಿಸಿ. ಡಿಎಚ್‌ಸಿಪಿ ರಿಸರ್ವೇಶನ್ ಅನ್ನುವುದು ಅದನ್ನೇ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಸರ್ವರ್ ಬೇರೆ ವಿಳಾಸ ಹಿಡಿಯಬಹುದು, ಹಾಯಿಸಿದ್ದು ಬೇರೆ ಮನೆಗೆ ಹೋಗುತ್ತದೆ.

ರೌಟರಿನ ವ್ಯಾನ್ ವಿಳಾಸ, ಅಂದರೆ ಹೊರಗಿನ ಕಡೆಯ ವಿಳಾಸ, 100.64.0.0ಯಿಂದ 100.127.255.255ರೊಳಗೆ ಇದ್ದರೆ ಹಾಯಿಸಿ ಪ್ರಯೋಜನವಿಲ್ಲ. ನಮ್ಮ ಬೀದರ ಕೋಟೆಯಲ್ಲಿ ಶರ್ಜಾ ದರವಾಜಾ ದಾಟಿದವನ ಮುಂದೆ ಗುಂಬಜ್ ದರವಾಜಾ ನಿಂತಿರುತ್ತದಲ್ಲ, ಹಾಗೆ ಇಲ್ಲಿ ಎರಡು ಅಗಸಿ, ಹೊರಗಿನದರ ಕೀಲಿ ಇಂಟರ್‌ನೆಟ್ ಕೊಡುವ ಕಂಪನಿಯ ಕೈಯಲ್ಲಿ. ಆಗ ಒಳಗಿನಿಂದಲೇ ಹೊರಕ್ಕೆ ಟನೆಲ್ ತೋಡಬೇಕು. ಬಾಡಿಗೆ ಸರ್ವರೊಂದಕ್ಕೆ ವೈರ್‌ಗಾರ್ಡ್ ಎಂಬ ಟನೆಲ್ ತಂತ್ರಾಂಶ ಹಾಕಿ, ಮನೆಯ ಕಡೆಯಿಂದ 25 ಸೆಕೆಂಡಿಗೊಮ್ಮೆ ಕೀಪ್‌ಅಲೈವ್ ಎಂಬ ಸಣ್ಣ ಸಂದೇಶ ಇಟ್ಟರೆ ದಾರಿ ಮುಚ್ಚುವುದಿಲ್ಲ. ಟನೆಲ್‌ಗೆ ಪದ ಹುಡುಕುವುದೇ ಬೇಡ. ಬೀದರ ಪಕ್ಕದ ನೌಬಾದಿನ ನೆಲದಡಿಯ ನೀರಿನ ದಾರಿಗೆ ಜನ ಸುರಂಗ ಬಾವಿ ಎನ್ನುತ್ತಾರೆ. ಸುರಂಗವೇ ಸರಿ.

ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ‘ಸಂಪರ್ಕ ವಿಫಲ’ ಎಂದು ಎರಡನ್ನೂ ಒಂದು ಮಾಡಬೇಡಿ, ದೋಷ ಹುಡುಕುವ ಸುಳಿವೇ ಅಳಿಸಿಹೋಗುತ್ತದೆ. ರಿಫ್ಯೂಸ್ಡ್‌ಗೆ ‘ಒಲ್ಲೆ ಎಂದಿತು’, ಟೈಮ್ಡ್ ಔಟ್‌ಗೆ ‘ಓಗೊಡಲಿಲ್ಲ’ ಅನ್ನಿ. ಒಲ್ಲೆ ಎಂದರೆ ಮನೆ ಸಿಕ್ಕಿದೆ, ಬಾಗಿಲು ಕಾಯುವವರು ಇಲ್ಲ. ಪ್ರೋಗ್ರಾಮ್ ನಡೆಯುತ್ತಿದೆಯೇ ನೋಡಬೇಕು. ಓಗೊಡದಿದ್ದರೆ ಕೂಗೇ ಮುಟ್ಟಿಲ್ಲ. ವಿಳಾಸ, ಸಂಪರ್ಕ ತಡೆಯುವ ಫೈರ್‌ವಾಲ್, ಆ ಎರಡನೇ ಅಗಸಿ ನೋಡಬೇಕು. ಪರೀಕ್ಷೆ ಮಾಡುವಾಗ ಫೋನಿನ ವೈಫೈ ಆರಿಸಿ ಮೊಬೈಲ್ ಡೇಟಾದಿಂದ ಮಾಡಿ. ಒಳಗಿನಿಂದ ಹೊರಟು ತನ್ನದೇ ಹೊರವಿಳಾಸಕ್ಕೆ ತಿರುಗಿ ಬರುವುದನ್ನು ಎಷ್ಟೋ ರೌಟರುಗಳು ಬಿಡುವುದಿಲ್ಲ.

*

ಯಾದಗಿರಿಯಿಂದ:

ಬಾಗಿಲು, ಕಿಂಡಿ, ಹಾಯಿಸು, ಮೂರೂ ಒಪ್ಪಿಗೆ. ಆದರೆ ರೌಟರಿನ ಪುಟ ಇಂಗ್ಲಿಷಿನಲ್ಲೇ ಇರುತ್ತದೆ, ಓದುಗರು ಪರದೆಗೆ ಹೊಂದಿಸಿ ನೋಡಬೇಕು. ಆದ್ದರಿಂದ ಪ್ರತಿ ಅಧ್ಯಾಯದಲ್ಲಿ ಒಮ್ಮೆಯಾದರೂ ‘ಬಾಗಿಲು, ಅಂದರೆ ಪೋರ್ಟ್’ ಎಂದು ಜೋಡಿಸಿ ಬರೆಯಿರಿ.

‘ಒಲ್ಲೆ ಎಂದಿತು’ ಬಗ್ಗೆ ಒಂದು ತಿದ್ದುಪಡಿ. ಬಾಗಿಲು ಕಾಯುವವರು ಇಲ್ಲದಾಗ ಮಾತ್ರ ಆ ಉತ್ತರ ಬರುವುದಲ್ಲ. ಲಿನಕ್ಸ್ ಫೈರ್‌ವಾಲಿನಲ್ಲಿ ನಿಯಮ ‘ರಿಜೆಕ್ಟ್’ ಎಂದಿದ್ದರೂ ಅದೇ ಬರುತ್ತದೆ, ‘ಡ್ರಾಪ್’ ಎಂದಿದ್ದರೆ ಸುಮ್ಮನಿರುತ್ತದೆ. ಆದ್ದರಿಂದ ಮೊದಲು ಸರ್ವರಿನ ಮೇಲೆಯೇ ಕೂತು 127.0.0.1ಕ್ಕೆ ಕರೆದು ನೋಡಲು ಹೇಳಿ. ಅಲ್ಲಿ ಉತ್ತರ ಬಂದು ಪಕ್ಕದ ಯಂತ್ರಕ್ಕೆ ಮಾತ್ರ ‘ಒಲ್ಲೆ’ ಅಂದರೆ, ಪ್ರೋಗ್ರಾಮ್ ನಡುಮನೆಯ ಬಾಗಿಲಲ್ಲಿ ಕೂತಿದೆ, ಇಲ್ಲವೇ ಫೈರ್‌ವಾಲ್ ತಡೆಯುತ್ತಿದೆ.